ಟೊಂಕದ ಆಪರೇಷನ್ ಆದ ಮೇಲೆ ತೊಡೆ ಜೋಮು ಹಿಡಿಯುತ್ತಾ?

ಪ್ರಶ್ನೆ: ನಮ್ಮ ಅವ್ವನಿಗೆ 64 ವರ್ಷ. ಟೊಂಕದ ಕೀಲು ಸವೆದು, ಕೂತರೆ ಏಳಲು ಆಗುತ್ತಿಲ್ಲ. ಮುಂದಿನ ತಿಂಗಳು ಹುಬ್ಬಳ್ಳಿಯಲ್ಲಿ ಕೀಲು ಬದಲಿಸುತ್ತಾರೆ, ಮುಂದಿನಿಂದ ಕೊಯ್ಯುತ್ತಾರಂತೆ. ನಮ್ಮ ಓಣಿಯ ಒಬ್ಬರಿಗೆ ಹೀಗೇ ಮಾಡಿದ್ದರು. ಎಂಟು ತಿಂಗಳಾದರೂ ತೊಡೆಯ ಹೊರಬದಿ ಜೋಮು, ಸೀರೆ ತಾಗಿದರೆ ಉರಿ ಅನ್ನುತ್ತಾರೆ. ಕಾಲೇ ಹೋದರೆ ಗತಿ ಏನು ಎಂದು ಅವ್ವ ಹೆದರಿದ್ದಾರೆ. ಇದನ್ನು ತಪ್ಪಿಸಲು ಬರುವುದಿಲ್ಲವೇ?
— ಓದುಗರೊಬ್ಬರು, ಗದಗ

ಉತ್ತರ: ಅವ್ವನಿಗೆ ಮೊದಲು ಧೈರ್ಯ ಹೇಳಿ. ನೀವು ಬರೆದದ್ದು ನೋಡಿದರೆ ಆ ಓಣಿಯವರದು ಚರ್ಮದ ನರದ ತೊಂದರೆ ಇದ್ದಂತಿದೆ. ಆ ನರ ಯಾವ ಸ್ನಾಯುವನ್ನೂ ನಡೆಸುವುದಿಲ್ಲ. ಅದಕ್ಕೆ ಪೆಟ್ಟಾದರೆ ಜೋಮು, ಉರಿ ಬರುತ್ತದೆ, ಕಾಲಿನ ಬಲ ಹೋಗುವುದಿಲ್ಲ.

ಲಂಗದ ಲಾಡಿ ಕಟ್ಟುವ ಜಾಗದ ಸ್ವಲ್ಪ ಕೆಳಗೆ, ಮುಂದೆ, ಎಲುಬಿನ ತುದಿ ಕೈಗೆ ಸಿಗುತ್ತದಲ್ಲ? ಅದರ ಒಳಬದಿಯಿಂದ ಈ ನರ ತೊಡೆಗೆ ಇಳಿದು ಕವಲೊಡೆಯುತ್ತದೆ. ಒಬ್ಬರಿಗಿದ್ದ ಹಾಗೆ ಇನ್ನೊಬ್ಬರಿಗೆ ಇರುವುದಿಲ್ಲ. ಕೆಲವರಲ್ಲಿ ಬೀಸಣಿಗೆಯಂತೆ ಹರಡಿ, ಕೊಯ್ಯುವ ಜಾಗಕ್ಕೇ ಅಡ್ಡ ಬರುತ್ತದೆ. ಹಾಗಾಗಿ ಎಷ್ಟೇ ಪಳಗಿದ ಕೈಯಾದರೂ ಪೂರ್ತಿ ತಪ್ಪಿಸುತ್ತೇನೆ ಅನ್ನಲಾಗದು. ಬಹಳ ಮಟ್ಟಿಗೆ ಕಡಿಮೆ ಮಾಡಬಹುದು.

ನಾನು ಮೊದಲು ಆ ಎಲುಬಿನ ತುದಿಗೆ ಪೆನ್ನಿನಿಂದ ಗುರುತು ಹಾಕುತ್ತೇನೆ. ಅಲ್ಲಿಂದ 2–3 ಸೆಂಟಿಮೀಟರ್ ಹೊರಗೆ ಸರಿದು, ಸ್ವಲ್ಪ ಕೆಳಗಿನಿಂದ ಕೊಯ್ಯಲು ಶುರು. ಚರ್ಮದಡಿ ಸ್ನಾಯುವಿನ ಮೇಲೆ ಬಿಳಿ ಹೊದಿಕೆ ಕಾಣುತ್ತದೆ. ಅದನ್ನೂ ಹೊರಬದಿಗೇ ಸೀಳಿ, ಹೊದಿಕೆಯ ಒಳಗಿಂದಲೇ ಕೀಲಿನ ಕಡೆ ಸಾಗಬೇಕು. ಆಗ ನರ ಒಳಬದಿಯ ಹೊದಿಕೆಯ ಜೊತೆ ಪಕ್ಕಕ್ಕೆ ಸರಿಯುತ್ತದೆ. ಹೊಲಿಯುವಾಗ ಸೂಜಿ ಹೊದಿಕೆಯ ಅಂಚನ್ನಷ್ಟೇ ಹಿಡಿಯಬೇಕು, ಇಲ್ಲದಿದ್ದರೆ ಕವಲು ದಾರಕ್ಕೆ ಸಿಕ್ಕಿಬಿಡುತ್ತದೆ. ಕೊಯ್ತ ಚಿಕ್ಕದಿರಲಿ ಎಂದು ಕೇಳುವವರು ಈಗ ಜಾಸ್ತಿ. ಚಿಕ್ಕದು ಮಾಡಿ ಗಾಯವನ್ನು ಜಗ್ಗಾಡಿದರೂ ನರ ನೋಯುತ್ತದೆ. ಅದಕ್ಕಿಂತ ಒಂದಿಂಚು ಉದ್ದ ಕೊಯ್ಯುವುದೇ ವಾಸಿ ಎಂದು ನನ್ನ ಅಭಿಪ್ರಾಯ.

ಹಿಂದಿನಿಂದ ಮಾಡಿದರೆ ಈ ನರ ದಾರಿಗೆ ಬರುವುದಿಲ್ಲ. ಆದರೆ ಅಲ್ಲಿ ಕಾಲಿನ ದೊಡ್ಡ ನರ, ಸಯಾಟಿಕ್, ಹತ್ತಿರವಿರುತ್ತದೆ. ಅದಕ್ಕೆ ಪೆಟ್ಟು ಬೀಳುವುದು ಅಪರೂಪ, ಬಿದ್ದರೆ ಪಾದ ಎತ್ತಲಾಗದೆ ಹೋಗಬಹುದು. ಅದಕ್ಕೇ ನಿಮ್ಮ ಡಾಕ್ಟರಿಗೆ ಯಾವ ಕಡೆಯಿಂದ ಮಾಡಿ ರೂಢಿಯಿದೆ ಎಂದು ಕೇಳಿಕೊಳ್ಳಿ. ಕೇಳಲು ಸಂಕೋಚ ಬೇಡ.

ಜೋಮು ಬಂದರೆ ತಿಂಗಳು ಕಳೆದಂತೆ ಆ ಜಾಗ ಸಾಮಾನ್ಯವಾಗಿ ಕಿರಿದಾಗುತ್ತಾ ಬರುತ್ತದೆ. ಕೆಲವರಿಗೆ ಅಂಗೈಯಷ್ಟು ಉಳಿದೂ ಬಿಡುತ್ತದೆ. ಅಲ್ಲಿಯವರೆಗೆ ಲಾಡಿ ಸಡಿಲ ಕಟ್ಟಲಿ. ಮತ್ತೆ, ಆ ಜಾಗಕ್ಕೆ ಬಿಸಿನೀರಿನ ಚೀಲ ಇಡಲೇಬಾರದು. ಬ್ಯಾಡಗಿಯ ಹಿರಿಯರೊಬ್ಬರು ನೋವಿಗೆಂದು ಚೀಲ ಇಟ್ಟುಕೊಂಡೇ ಮಲಗಿದ್ದರು. ಸುಡುತ್ತಿದ್ದದ್ದು ಗೊತ್ತೇ ಆಗಿಲ್ಲ, ಬೆಳಿಗ್ಗೆ ರೂಪಾಯಿಯಗಲದ ಎರಡು ಗುಳ್ಳೆ. ಮನೆಗೆ ಕಳಿಸುವಾಗಲೇ ನಾನು ಹೇಳಬೇಕಿತ್ತು. ಆ ಗುಳ್ಳೆಗಳನ್ನು ನಾನು ಮರೆತಿಲ್ಲ.

ಆಪರೇಷನ್ ಆಗಿ ಅರಿವಳಿಕೆ ಪೂರ್ತಿ ಇಳಿದ ಮೇಲೆ ಅವ್ವನಿಗೆ ಪಾದವನ್ನು ಮುಖದ ಕಡೆ ಎತ್ತಲು ಹೇಳಿ. ಎತ್ತಿದರೆ ಸಯಾಟಿಕ್ ನರದ ಚಿಂತೆಯಿಲ್ಲ. ಎತ್ತಲಾಗದಿದ್ದರೆ ರೌಂಡ್ಸ್‌ಗೆ ಬರಲಿ ಎಂದು ಕಾಯಬೇಡಿ, ಆಗಲೇ ನರ್ಸ್‌ಗೆ ಹೇಳಿ ಡಾಕ್ಟರನ್ನು ಕರೆಸಿ.