ಎರಡನೇ ಲೋಟ

ಪ್ರಶ್ನೆ: ನಮ್ಮದು ಶ್ರೀನಿವಾಸಪುರದ ಹತ್ತಿರದ ಹಳ್ಳಿ. ಯಜಮಾನರು ಹೋಗಿ ಎಂಟು ತಿಂಗಳಾಯಿತು. ಈಗಲೂ ಬೆಳಿಗ್ಗೆ ಎರಡು ಲೋಟ ಕಾಫಿ ಬೆರೆಸುತ್ತೇನೆ. ಮಾವಿನ ತೋಪಿನ ಕಡೆ ಕಾಲಿಡೋಕೇ ಆಗುತ್ತಿಲ್ಲ. ನನಗೇನಾದರೂ ಕಾಯಿಲೆಯೇ?
– ಓದುಗರು, ಕೋಲಾರ ಜಿಲ್ಲೆ

ಉತ್ತರ: ಎರಡನೇ ಲೋಟ ಕಾಯಿಲೆಯಲ್ಲ ತಾಯಿ, ಅಭ್ಯಾಸ. ನಮ್ಮಮ್ಮ ಹೋದಮೇಲೆ ಅವರ ಫೋನಿಗೆ ನಾನು ಒಂದು ವರ್ಷ ರೀಚಾರ್ಜ್ ಮಾಡಿಸಿದೆ, ಸುಮ್ನೆ. ತಿಥಿ ಮುಗಿಯುವವರೆಗೆ ಮನೆ ತುಂಬ ಜನ. ಕಷ್ಟ ಶುರುವಾಗೋದು ಆಮೇಲೆ, ಅಲ್ವಾ?

ಆದರೆ ತೋಪಿನ ಮಾತು ಬೇರೆ. ಆರು ತಿಂಗಳು ದಾಟಿದರೂ ಹಂಬಲ ತಗ್ಗದೆ ದಿನದ ಬದುಕೇ ನಿಂತರೆ, ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಚಿಕಿತ್ಸೆ ಬೇಕಾದ ದುಃಖ ಎನ್ನುತ್ತದೆ. ಇದಕ್ಕೆಂದೇ ಸುಮಾರು 16 ಭೇಟಿಗಳ ಮಾತಿನ ಚಿಕಿತ್ಸೆಯೊಂದಿದೆ. ಆ ಸಾವಿನ ಕಥೆಯನ್ನು ಸಲಹೆಗಾರರಿಗೆ ಮತ್ತೆ ಮತ್ತೆ ಹೇಳಬೇಕು. ದೂರವಿಟ್ಟ ಜಾಗಕ್ಕೆ ಸ್ವಲ್ಪಸ್ವಲ್ಪವೇ ಹೋಗಬೇಕು. ಮೊದಲ ವಾರ ತೋಪಿನ ಬೇಲಿವರೆಗೆ ಹೋದರೂ ಜಾಸ್ತಿಯೇ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿ. ಉಚಿತ, ರಾತ್ರಿಯೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಅನ್ನಿಸುತ್ತಿದ್ದರೆ ಈಗಲೇ ಮಾಡಿ. ಕಾಫಿ ಬೆರೆಸುತ್ತಿರಿ. ಆ ಲೋಟಕ್ಕೆ ಪಕ್ಕದ ಮನೆಯವರನ್ನು ಕರೆಯಿರಿ.