ಅಮೆರಿಕದಲ್ಲಿ ವಕೀಲರು ತಮಗೆ ಬೇಕಾದ ಜ್ಯೂರಿಯನ್ನು (ಕೇಸು ಕೇಳಿ ತೀರ್ಪು ಕೊಡುವ ಸಾಮಾನ್ಯ ಜನರ ತಂಡ) ಆರಿಸಿಕೊಳ್ಳಬಹುದಾ?

ಇಲ್ಲ. ಬೇಕಾದವರನ್ನು ಆರಿಸುವಂತಿಲ್ಲ, ಬೇಡದವರನ್ನು ಕೈಬಿಡಬಹುದು ಅಷ್ಟೇ. ವಿಚಾರಣೆಗೆ ಮೊದಲು, ಜ್ಯೂರಿಗೆಂದು ಕರೆಸಿದ ಜನರನ್ನು ಕೋರ್ಟಿನಲ್ಲಿ ಕೂರಿಸಿ ಪ್ರಶ್ನೆ ಕೇಳುತ್ತಾರೆ: ಪೊಲೀಸರಲ್ಲಿ ನೆಂಟರಿದ್ದಾರಾ, ನಿಮ್ಮ ಮನೆಯಲ್ಲಿ ಕಳ್ಳತನ ಆಗಿತ್ತಾ, ಹೀಗೆ. ಪಕ್ಷಪಾತ ಇದೆ ಎಂದು ಜಡ್ಜ್‌ಗೆ ಅನಿಸಿದರೆ ಎಷ್ಟು ಜನರನ್ನಾದರೂ ತೆಗೆಯಬಹುದು. ಅದರ ಜೊತೆಗೆ, ಕಾರಣವನ್ನೇ ಹೇಳದೆ ಕೆಲವರನ್ನು ತೆಗೆಯಲು ಎರಡೂ ಕಡೆಯ ವಕೀಲರಿಗೆ ಒಂದಿಷ್ಟು ಅವಕಾಶ. ಫೆಡರಲ್ (ಕೇಂದ್ರ ಸರ್ಕಾರದ) ಕೋರ್ಟಿನ ಗಂಭೀರ ಅಪರಾಧದ ಕೇಸಿನಲ್ಲಿ (ಮರಣದಂಡನೆಯ ಕೇಸು ಬಿಟ್ಟು) ಆರೋಪಿ ಕಡೆಗೆ 10, ಸರ್ಕಾರಕ್ಕೆ 6.

ಇಷ್ಟೆಲ್ಲ ಕಸರತ್ತು ಯಾಕೆ? ಇಂಥ ಕೇಸಿನಲ್ಲಿ ಜ್ಯೂರಿಯ 12 ಜನರೂ ಒಪ್ಪಿದರೆ ಮಾತ್ರ ತೀರ್ಪು. ಒಬ್ಬರು ಹಠ ಹಿಡಿದರೂ ಕೇಸು ಅಲ್ಲೇ ಸಿಕ್ಕಿಕೊಳ್ಳುತ್ತದೆ, ಅಲ್ವಾ?

ಆದರೆ ಜನಾಂಗ ನೋಡಿ ತೆಗೆಯುವಂತಿಲ್ಲ ಎಂದು 1986ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದೆ. ಬೇರೆ ನೆಪ ಹುಡುಕುವುದು ವಕೀಲರಿಗೆ ಅಷ್ಟೇನೂ ಕಷ್ಟವಲ್ಲ ಅನ್ನಿ.