ಶರಣಾದರೆ ಜೀವ ಉಳಿಯುತ್ತಿತ್ತು, ಆದರೆ ಯಾರದು?

ಮಧ್ಯಯುಗದ ಯುರೋಪಿನ ಕುದುರೆ ಸವಾರ ಯೋಧರಾದ ನೈಟ್‌ಗಳು ಶರಣಾದವರನ್ನು ಕೊಲ್ಲುತ್ತಿರಲಿಲ್ಲವಂತೆ, ನಿಜವೇ ಅಂತ ಕೇಳಿದ್ದೀರಿ. ಅರ್ಧ ನಿಜ. ಉಳಿಸುತ್ತಿದ್ದುದು ದೊಡ್ಡ ಮನೆತನದವರನ್ನು, ಅದೂ ಬಿಡುಗಡೆ ಹಣದ ಆಸೆಗೆ. 1356ರಲ್ಲಿ ಇಂಗ್ಲಿಷರ ವಿರುದ್ಧದ ಪ್ವಾಟಿಯೇ ಕದನದಲ್ಲಿ ಸೆರೆಸಿಕ್ಕ ಫ್ರಾನ್ಸಿನ ದೊರೆ ಎರಡನೇ ಜಾನನಿಗೆ ಆಮೇಲೆ ಕಟ್ಟಿದ ಬೆಲೆ 30 ಲಕ್ಷ ಚಿನ್ನದ ನಾಣ್ಯ! ಆ ರಾತ್ರಿ ಅವನಿಗೆ ಇಂಗ್ಲೆಂಡಿನ ರಾಜಕುಮಾರ ಎಡ್ವರ್ಡ್ ತಾನೇ ನಿಂತು ಊಟ ಬಡಿಸಿದನಂತೆ. ಅದೇ ಎಡ್ವರ್ಡ್ ಹಿಂದಿನ ವರ್ಷವಷ್ಟೇ ದಕ್ಷಿಣ ಫ್ರಾನ್ಸಿನಲ್ಲಿ ದಾರಿಯುದ್ದಕ್ಕೂ ಹಳ್ಳಿಗಳನ್ನು ಸುಟ್ಟು ಸೂರೆ ಮಾಡಿದ್ದ. ರೈತನನ್ನು ಹಿಡಿದಿಟ್ಟರೆ ಹಣ ಎಲ್ಲಿಂದ ಬರಬೇಕು ಹೇಳಿ?

ಇನ್ನು 1415ರ ಅಜಿನ್‌ಕೋರ್ಟ್ ಕದನ, ಅದೂ ಇಂಗ್ಲಿಷರಿಗೂ ಫ್ರೆಂಚರಿಗೂ ನಡುವೆ. ಶತ್ರುಗಳು ಮತ್ತೆ ಮೇಲೆ ಬೀಳಬಹುದೆಂದು ಅಂಜಿ ಇಂಗ್ಲೆಂಡಿನ ದೊರೆ ಐದನೇ ಹೆನ್ರಿ ಸೆರೆಯಾಳುಗಳನ್ನೇ ಕೊಲ್ಲಲು ಅಪ್ಪಣೆ ಕೊಟ್ಟ. ಸರದಾರರು ಹಿಂದೇಟು ಹಾಕಿದರು, ಕೆಲಸ ಬಿಲ್ಲುಗಾರರ ಪಾಲಿಗೆ ಬಂತು ಎಂದು ಆ ಕಾಲದವರೇ ಬರೆದಿದ್ದಾರೆ. ಹಿಂದೇಟು ಕರುಣೆಯಿಂದಲೋ, ಕೈತಪ್ಪುವ ದುಡ್ಡಿನ ಸಂಕಟದಿಂದಲೋ? ನನಗಂತೂ ದುಡ್ಡೇ ಅನ್ನಿಸುತ್ತದೆ.